ಮುಂದೆ ಬರಲಿರುವ ಹೊಟ್ಟೆಗೆ ಹೊಲಿಸಿದ ಬಟ್ಟೆ

ಕೇಡುಗಾಲ ಬಂದಾಗ ಮನುಷ್ಯನಿಗೆ ಮೊದಲು ಬುದ್ಧಿ ಕೆಡುತ್ತದೆ ಎನ್ನುತ್ತಾರೆ. ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ಬುದ್ಧಿ ಮೊದಲಿನಿಂದಲೂ ಹಾಗೇ ಇತ್ತು. ಕೇಡುಗಾಲವೇ ಸ್ವಲ್ಪ ತಡವಾಗಿ ಬಂತು.

ನಾನು ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ನಮ್ಮ ಹೆಡ್ ಗುಮಾಸ್ತರು ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ಎರಡು ಕೈಗಳಿದ್ದವು, ಮೆತ್ತೆಯಿತ್ತು, ಅದು ಫ್ಯಾನಿನ ನೇರ ಕೆಳಗೂ ಇತ್ತು. ನನ್ನ ಕುರ್ಚಿಗೆ ಇದ್ದ ಒಂದು ಕೈಯೂ ಮೊಳೆ ಬಿಟ್ಟುಕೊಂಡು ಅಲ್ಲಾಡುತ್ತಿತ್ತು. ಆ ದೊಡ್ಡ ಕುರ್ಚಿಗೆ ಹಕ್ಕುದಾರರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬ ನನ್ನ ಎದುರು ಮೇಜಿನವನು. ಸದಾ ಗಂಜಿ ಹಾಕಿ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಕೂತರೆ ಎದ್ದರೆ ಹೊಸ ನೋಟು ಎಣಿಸಿದಂತೆ ಸದ್ದು ಮಾಡುತ್ತಿದ್ದ ಅವನನ್ನು ಕಚೇರಿಯವರೆಲ್ಲ ‘ಗರಿಗರಿ’ ಎಂದೇ ಕರೆಯುತ್ತಿದ್ದರು. ಕೆಲಸದಲ್ಲಿ ನಾನು ಅವನಿಗಿಂತ ಒಂದು ಕೈ ಮೇಲು ಎಂದು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳಲಿಲ್ಲ.

ಮಳೆ ಬರುತ್ತಿದ್ದ ಒಂದು ಬೆಳಿಗ್ಗೆ ದೊಡ್ಡ ಸಾಹೇಬರು ಕಚೇರಿ ನೋಡಲು ಬಂದರು. ಬಾಗಿಲಲ್ಲಿ ನಾವಿಬ್ಬರೂ ನಿಂತಿದ್ದೆವು. ಅವರು ಗರಿಗರಿಯ ಕೈ ಕುಲುಕಿದರು. ನನ್ನ ಕೈಗೆ ಒದ್ದೆ ಕೊಡೆ ಕೊಟ್ಟರು. ಅವರು ಇರುವಷ್ಟು ಹೊತ್ತೂ ನಾನು ಆ ಕೊಡೆ ಹಿಡಿದುಕೊಂಡು ಅವರ ಹಿಂದೆ ಹಿಂದೆಯೇ ನಡೆದೆ. ಹೊರಡುವಾಗ ಅವರು ಕೊಡೆ ತೆಗೆದುಕೊಂಡು, “ಎಷ್ಟು ವರ್ಷ ಆಯ್ತಪ್ಪ ವಾಚ್‌ಮನ್ ಕೆಲಸಕ್ಕೆ ಸೇರಿ?” ಎಂದು ಬೆನ್ನು ತಟ್ಟಿದರು. ಇದು ಮುಖದ ದೋಷವಲ್ಲ, ಬಟ್ಟೆಯ ದೋಷ ಎಂದು ಅಲ್ಲಿಯೇ ತೀರ್ಮಾನಿಸಿದೆ.

ಆ ಭಾನುವಾರ ಕ್ಷೌರದಂಗಡಿಯಲ್ಲಿ ಕೂತಾಗ ಕೈಗೊಂದು ಹಳೆಯ ವಾರಪತ್ರಿಕೆ ಸಿಕ್ಕಿತು. ‘ಕಡಿಮೆ ಖರ್ಚಿನಲ್ಲಿ ಮೈಗೊಪ್ಪುವ ಬಟ್ಟೆ: ಸೊನ್ನೆಯಿಂದ ಶುರುಮಾಡಿ’ ಎಂಬ ಲೇಖನ. ಮೊದಲು ಬೀರು ಪೂರ್ತಿ ಖಾಲಿ ಮಾಡಿ ಎಂದಿತ್ತು. ಯಾವುದರ ಮೇಲೆ ಯಾವುದನ್ನು ಹಾಕಿದರೂ ಹೊಂದುವಂಥ ಕೆಲವೇ ಬಟ್ಟೆ ಇಟ್ಟುಕೊಳ್ಳಿ ಎಂದಿತ್ತು. ಇಂದಿನ ನಿಮಗಾಗಿ ಕೊಳ್ಳಬೇಡಿ, ನಾಳೆ ನೀವು ಏನಾಗುತ್ತೀರೋ ಅವರಿಗಾಗಿ ಕೊಳ್ಳಿ ಎಂದಿತ್ತು. ಆಹಾ, ನನಗಾಗಿಯೇ ಬರೆದಂತಿದೆಯಲ್ಲ ಎಂದು ಪುಟ ತಿರುವುವಷ್ಟರಲ್ಲಿ ಕ್ಷೌರಿಕ ಮುಂದಿನ ಹಾಳೆಯನ್ನು ಚರ್ರನೆ ಹರಿದು ಕತ್ತಿಯ ನೊರೆ ಒರೆಸಿದ.

“ಅಯ್ಯೋ, ಓದ್ತಾ ಇದ್ದೆನಲ್ಲಪ್ಪ!” ಎಂದೆ.

“ಓದಿ ಏನ್ ಕಡಿದು ಕಟ್ಟೆ ಹಾಕ್ಬೇಕಾಗಿದೆ ಸಾರ್, ತಲೆ ಬಗ್ಗಿಸಿ,” ಎಂದ.

ಆ ಹಾಳೆಯಲ್ಲಿ ಏನಿತ್ತೋ ಇಂದಿಗೂ ನನಗೆ ಗೊತ್ತಿಲ್ಲ. ಬಹುಶಃ ‘ಇದನ್ನೆಲ್ಲ ಒಂದೇ ದಿನ ಮಾಡಬೇಡಿ’ ಎಂದಿತ್ತೇನೋ.

ನಾನು ಒಂದೇ ದಿನ ಮಾಡಿದೆ. ಹೆಂಡತಿ ತನ್ನ ಅಣ್ಣನ ಮನೆಗೆ ಹೋಗಿದ್ದು ಒಳ್ಳೆಯದೇ ಆಯಿತೆಂದುಕೊಂಡೆ. ಬೀರುವಿನಲ್ಲಿದ್ದುದನ್ನೆಲ್ಲ ತಂದು ಮೆಟ್ಟಿಲ ಮೇಲೆ ರಾಶಿ ಹಾಕಿದೆ. ಶರ್ಟುಗಳನ್ನು ಕಸ ಗುಡಿಸುವವನು ಒಯ್ದ, ಪ್ಯಾಂಟುಗಳನ್ನು ಹಾಲಿನವನು ಒಯ್ದ. ನನ್ನ ಮದುವೆಯ ಕೋಟನ್ನು ನಮ್ಮ ಬೀದಿಯ ವಾಚ್‌ಮನ್ನಿಗೆ ನಾನೇ ತೊಡಿಸಿದೆ. ಅದು ಅವನಿಗೆ ನನಗಿಂತ ಚೆನ್ನಾಗಿ ಒಪ್ಪಿತು ಎಂಬುದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕೊನೆಗೆ ಮೈಮೇಲಿದ್ದ ಪೈಜಾಮ, ಬನಿಯನ್ ಮಾತ್ರ ಉಳಿದವು.

ಇದನ್ನೆಲ್ಲ ಮಹಡಿ ಮನೆಯ ಅಕ್ಕ ಕಟಕಟೆಗೆ ಒರಗಿ ನೋಡುತ್ತಿದ್ದರು. ಅವರು ಒಳ್ಳೆಯವರು. ಯಾರ ಮನೆಯ ಕಷ್ಟವನ್ನೂ ಅದು ಬರುವ ಮೊದಲೇ ತಿಳಿದುಕೊಂಡು ನಾಲ್ಕು ಜನಕ್ಕೆ ಹೇಳಿ ಮರುಗುವಂಥವರು.

“ಏನಿದು, ಎಲ್ಲಾ ಬಟ್ಟೇನೂ ಕೊಟ್ಬಿಡ್ತಿದ್ದೀರಿ?” ಎಂದು ಕೆಳಗಿಳಿದು ಬಂದರು.

“ಇನ್ಮೇಲೆ ಇವೆಲ್ಲ ನನಗೆ ಬೇಕಾಗೋದಿಲ್ಲ ಅಕ್ಕಾ,” ಎಂದು ಗಂಭೀರವಾಗಿ ಹೇಳಿದೆ.

“ಮದುವೆ ಕೋಟೂನಾ?”

“ಇಟ್ಕೊಂಡು ಏನ್ಮಾಡ್ಲಿ? ಹಳೇ ಮನುಷ್ಯ ಮುಗಿದ. ಈ ತಿಂಗಳ ಕೊನೆಗೆ ನೀವೇ ನೋಡ್ತೀರಿ.”

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದರು. “ಮನೆಯವರಿಗೆ ಗೊತ್ತಾ?”

“ಇಲ್ಲ. ಈಗಲೇ ಹೇಳ್ಬೇಡಿ. ಇದ್ದಕ್ಕಿದ್ದ ಹಾಗೆ ಗೊತ್ತಾಗ್ಲಿ.”

ಅವರ ಕಣ್ಣು ತುಂಬಿ ಬಂತು. ನನ್ನ ದೃಢ ಸಂಕಲ್ಪಕ್ಕೆ ಮನಸೋತರು ಎಂದು ನಾನು ತಿಳಿದೆ. ನನ್ನಂಥವನ ಸಂಕಲ್ಪಕ್ಕೆ ಯಾರಾದರೂ ಮನಸೋತದ್ದುಂಟೇ? ಆದರೂ ಹಾಗೇ ತಿಳಿದೆ.

ಆ ಪೈಜಾಮದಲ್ಲೇ ದರ್ಜಿಯ ಅಂಗಡಿಗೆ ಓಡಿದೆ. ಯಾವುದೋ ಶಾಲೆಯವರು ಸಮವಸ್ತ್ರಕ್ಕೆಂದು ತರಿಸಿ, ಮಕ್ಕಳು ಅತ್ತರು ಎಂದು ವಾಪಸು ಮಾಡಿದ್ದ ಬೂದಿ ಬಣ್ಣದ ಬಟ್ಟೆ ಅವನ ಬಳಿ ಸುರುಳಿಗಟ್ಟಲೆ ಬಿದ್ದಿತ್ತು. ಹೊರೆಯಾಗದ ಬೆಲೆ. ಶರ್ಟೂ ಅದರದೇ, ಪ್ಯಾಂಟೂ ಅದರದೇ. ಹೀಗಾದರೆ ಯಾವುದರ ಮೇಲೆ ಯಾವುದನ್ನು ಹಾಕಿದರೂ ಹೊಂದಲೇಬೇಕಲ್ಲ. ಲೇಖನ ಬರೆದವರಿಗೂ ಇಷ್ಟು ಸುಲಭದ ದಾರಿ ಹೊಳೆದಿರಲಾರದು ಎಂದು ನನಗೆ ಹೆಮ್ಮೆಯಾಯಿತು.

ದರ್ಜಿ ಟೇಪು ಬಿಚ್ಚಿ, “ಅಳತೆ ತಗೊಳ್ಲಾ ಸಾರ್?” ಎಂದ.

“ಇವತ್ತಿನ ಅಳತೆ ಬೇಡ. ನಾನಿನ್ನು ಹೆಡ್ ಗುಮಾಸ್ತ ಆಗೋನು. ಆ ಕುರ್ಚೀಲಿ ಕೂತ ಯಾರಿಗೆ ಹೊಟ್ಟೆ ಬಂದಿಲ್ಲ ಹೇಳು?”

“ನಿಜ ಸಾರ್. ಈಗಿನವರೂ ಸೇರಿದಾಗ ಕಡ್ಡಿ ಹಾಗಿದ್ರು. ಅವರ ಬಟ್ಟೆ ಹೊಲಿಯೋನು ನಾನೇ ಅಲ್ವಾ, ವರ್ಷ ವರ್ಷ ಟೇಪು ಸಾಲದೆ ಬರ್ತಿತ್ತು.”

“ಅವರ ಅಳತೆ ಇದೆಯಾ?”

“ಬಾಯಲ್ಲೇ ಇದೆ.”

“ಅದರಲ್ಲೇ ಹೊಲಿ.”

ದರ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಸಾರ್, ಅದರಲ್ಲಿ ನೀವೂ ಹಿಡೀತೀರಿ, ನಿಮ್ಮ ಮನೆಯವರೂ ಹಿಡೀತಾರೆ.”

“ಹೊಟ್ಟೆ ಬಂದ ಮೇಲೆ ಮತ್ತೊಂದ್ಸಲ ಹೊಲಿಸೋಕೆ ದುಡ್ಡು ನೀನು ಕೊಡ್ತೀಯಾ?” ಎಂದು ಗದರಿಸಿದೆ. ಅವನು ಟೇಪು ಸುತ್ತಿಟ್ಟ. ಬೇರೆ ಗತಿಯಿಲ್ಲದ ಗಿರಾಕಿ ಎದುರು ಪೈಜಾಮದಲ್ಲಿ ನಿಂತಿದ್ದರಿಂದ ಸಂಜೆಯೊಳಗೆ ಒಂದು ಜೊತೆ ಹೊಲಿದೂ ಕೊಟ್ಟ.

ಸೋಮವಾರ ಆ ಹೊಸ ಬಟ್ಟೆ ತೊಟ್ಟೆ. ತೊಟ್ಟೆ ಎನ್ನುವುದಕ್ಕಿಂತ ಅದರೊಳಗೆ ಪ್ರವೇಶಿಸಿದೆ ಎನ್ನಬಹುದು. ಕಾಲರಿನ ನಡುವೆ ಕತ್ತು ಬಾವಿಯೊಳಗಿನ ಹಗ್ಗದಂತೆ ಅತ್ತಿತ್ತ ಹೊರಳುತ್ತಿತ್ತು. ಬೆಲ್ಟು ಬಿಗಿದರೆ ಪ್ಯಾಂಟು ಸೊಂಟದ ಸುತ್ತ ನೆರಿಗೆ ನೆರಿಗೆಯಾಗಿ ನಿಂತಿತು. ಬೂದಿ ಬಣ್ಣ ಮುಖಕ್ಕೂ ಏರಿತ್ತು. ಆದರೂ ಕನ್ನಡಿಯ ಮುಂದೆ ನಿಂತು, ಇದೆಲ್ಲ ಹೊಟ್ಟೆ ಬರುವವರೆಗೆ ಮಾತ್ರ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ.

ನಾನು ಕಚೇರಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಹಡಿ ಅಕ್ಕನೂ ಗರಿಗರಿಯ ಹೆಂಡತಿಯೂ ಒಂದೇ ಅಂಗಡಿಯಲ್ಲಿ ತರಕಾರಿ ಕೊಳ್ಳುವವರು. ಸುದ್ದಿ ಕೇಳಿದವರಿಗೆ ಒಂದಿಷ್ಟು ಅನುಮಾನವೇನಾದರೂ ಇದ್ದಿದ್ದರೆ ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ಹೊರಟುಹೋಯಿತು.

“ಸಾರ್, ಮೆಟ್ಟಿಲು ಹತ್ಕೊಂಡೇ ಬಂದ್ರಾ?” ಎಂದು ಜವಾನ ಓಡಿ ಬಂದು ನನ್ನ ಚೀಲ ಕಿತ್ತುಕೊಂಡ. ಹಿಂದೆಂದೂ ಅವನು ನನ್ನನ್ನು ಕಂಡು ಎದ್ದು ನಿಂತವನೇ ಅಲ್ಲ. ಬಟ್ಟೆಯ ಮಹಿಮೆ ಎಂದುಕೊಂಡೆ.

ಗರಿಗರಿ ಬಂದು ನನ್ನ ಮೊಣಕೈ ಹಿಡಿದ. “ಒಂದೇ ದಿನಕ್ಕೆ ಎಷ್ಟು ಇಳಿದುಬಿಟ್ರಿ! ನನ್ನ ಹತ್ರ ಮುಚ್ಚಿಡ್ಬೇಡಿ. ಎಲ್ಲಿ ಅಂತ ಹೇಳಿದ್ದಾರೆ ಡಾಕ್ಟ್ರು?”

“ಎಲ್ಲೀನೂ ಇಲ್ಲ. ನಾನು ಸರಿಯಾಗೇ ಇದ್ದೀನಿ. ಇದು ಹೊಟ್ಟೆಗೋಸ್ಕರ...”

“ಹೊಟ್ಟೇಲಾ!” ಎಂದು ಅವನು ತನ್ನ ಕುರ್ಚಿಯಲ್ಲಿ ಕುಸಿದು ಕೂತ. ಶರ್ಟು ಕೂಡ ಸದ್ದು ಮಾಡಲಿಲ್ಲ.

ನಾನು ಇಲ್ಲ ಇಲ್ಲ ಎಂದಷ್ಟೂ, “ನೋಡಿ, ಎಂಥಾ ಧೈರ್ಯ!” ಎಂದು ತಲೆದೂಗಿದರು. ಮರುದಿನ, ದರ್ಜಿ ಆಮೇಲೆ ಹೊಲಿದು ಕೊಟ್ಟ ಇನ್ನೊಂದು ಜೊತೆ ಹಾಕಿಕೊಂಡು ಹೋದೆ. ಅದೂ ಅದೇ ಬೂದಿ ತಾನೇ? “ಪಾಪ, ಬಟ್ಟೆ ಬದಲಾಯಿಸೋಕೂ ತ್ರಾಣವಿಲ್ಲ,” ಎಂದು ಟೈಪು ಮಾಡುವಾಕೆ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಮೂರನೆಯ ದಿನ ಜವಾನ ನನಗೆ ಕುಡಿಯುವ ನೀರನ್ನು ಕಾಯಿಸಿ ಆರಿಸಿ ತರತೊಡಗಿದ. ನೀರು ಸರಬರಾಜು ಕಚೇರಿಯಲ್ಲಿ ಒಬ್ಬನಿಗೆ ಕಾಯಿಸಿದ ನೀರು ಕೊಟ್ಟರೆಂದರೆ ಅವನ ಕಥೆ ಮುಗಿಯಿತೆಂದೇ ಅರ್ಥ.

ಅಂದು ಸಂಜೆ ಮನೆಗೆ ಬಂದರೆ ಹೆಂಡತಿ, ಭಾವಮೈದ ಇಬ್ಬರೂ ಬಾಗಿಲಲ್ಲೇ ಇದ್ದರು. ಮಹಡಿ ಅಕ್ಕ ಫೋನು ಮಾಡಿದ್ದರು. ಹೆಂಡತಿ ನನ್ನನ್ನು ಕಂಡವಳೇ, “ಅಯ್ಯೋ, ನನಗೊಂದು ಮಾತು ಹೇಳ್ಬಾರ್ದಿತ್ತಾ!” ಎಂದು ತೋಳು ಹಿಡಿದುಕೊಂಡು ಅಳತೊಡಗಿದಳು. ಅವಳು ಹಿಡಿದದ್ದು ಬರೀ ತೋಳಿನ ಬಟ್ಟೆ. ಒಳಗಿನ ಕೈ ಅವಳಿಗೆ ಸಿಗಲೇ ಇಲ್ಲ. ಅದಕ್ಕೆ ಇನ್ನೂ ಜೋರಾಗಿ ಅತ್ತಳು.

ನಾನು ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಕೊಡೆ, ಪತ್ರಿಕೆ, ಕೋಟು, ದರ್ಜಿ, ಹೊಟ್ಟೆ. ಅವಳ ಅಳು ನಿಂತಿತು.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋರನ್ನ ಕೇಳಿದ್ದೆ,” ಎಂದಳು. “ಹೊಟ್ಟೆ ಬರೋಕೆ ಮುಂಚೆ ಪ್ಯಾಂಟು ಹೊಲಿಸಿದೋರನ್ನ ಈಗಲೇ ನೋಡಿದ್ದು. ಅಣ್ಣಾ, ಇವರಿಗೆ ಯಾವ ಕಾಯಿಲೇನೂ ಇಲ್ಲ. ಇಂಥ ದಡ್ಡತನವನ್ನ ಸುಳ್ಳಿಗೆ ಕಟ್ಟೋಕೆ ಯಾರ ಕೈಲೂ ಆಗಲ್ಲ. ಇದು ನಿಜಾನೇ.”

ಭಾವಮೈದ ಒಪ್ಪಲಿಲ್ಲ. “ನೀನು ಸುಮ್ನಿರು. ನಿನ್ನ ಸಮಾಧಾನಕ್ಕೆ ಹೇಳ್ತಿದ್ದಾರೆ,” ಎಂದು ನನ್ನನ್ನು ಡಾಕ್ಟರ ಬಳಿಗೆ ಎಳೆದೊಯ್ದ. ಡಾಕ್ಟರು ತಟ್ಟಿದರು, ಒತ್ತಿದರು, ನಾಲಿಗೆ ನೋಡಿದರು. ಏನೂ ಆಗಿಲ್ಲ, ಔಷಧ ಬೇಡ, ಏನು ಬೇಕಾದರೂ ತಿನ್ನಬಹುದು ಎಂದರು. ನನಗೆ ಜೀವ ಬಂತು. ಹೊರಗೆ ಬಂದ ಭಾವಮೈದ ಗೋಡೆಗೆ ಹಣೆ ಒತ್ತಿಕೊಂಡು ನಿಂತ.

“ಔಷಧ ಬೇಡ ಅಂದ್ರು ಭಾವ,” ಎಂದು ಬಿಕ್ಕಿದ. “ಏನು ಬೇಕಾದ್ರೂ ತಿನ್ಲಿ ಅಂದ್ರು. ಹಾಗೆ ಯಾವಾಗ ಹೇಳ್ತಾರೆ ಅಂತ ನನಗೆ ಗೊತ್ತಿಲ್ವಾ?”

ಆ ವಾರವೆಲ್ಲ ನೆಂಟರು ಬಂದರು. ಬಂದವರೆಲ್ಲ ಕಿತ್ತಳೆ ಹಣ್ಣು ತಂದರು. ನನ್ನ ಮದುವೆಯಿಂದಲೂ ಮಾತು ಬಿಟ್ಟಿದ್ದ ಸೋದರಮಾವ ಬಂದು, “ಹೋಗ್ಲಿ ಬಿಡಪ್ಪ, ನಿನ್ನನ್ನ ಕ್ಷಮಿಸಿದ್ದೀನಿ,” ಎಂದು ತಲೆ ಸವರಿದರು. ಯಾವ ತಪ್ಪಿಗೆ ಎಂದು ಕೇಳಿದೆ. ಅವರಿಗೂ ನೆನಪಿರಲಿಲ್ಲ. ಹೆಂಡತಿ ಬಂದವರಿಗೆಲ್ಲ, ಇವರು ಗಟ್ಟಿಮುಟ್ಟಾಗಿದ್ದಾರೆ ಎಂದು ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಳು. ಅವರು ಅವಳ ಬೆನ್ನು ಸವರಿ, “ಹಾಗೇ ಧೈರ್ಯವಾಗಿರು ಮಗಳೇ,” ಎನ್ನುತ್ತಿದ್ದರು.

ಅಷ್ಟರಲ್ಲಿ ದೊಡ್ಡ ಸಾಹೇಬರಿಂದ ಕರೆ ಬಂತು. ಕುರ್ಚಿಯ ತೀರ್ಮಾನ ಅಂದೇ. ಸಾಯುವವನಿಗೆ ಯಾರು ಬಡ್ತಿ ಕೊಡುತ್ತಾರೆ? ಇಂದು ಸತ್ಯ ಹೇಳಿ ಬದುಕಿಕೊಳ್ಳಬೇಕು ಎಂದು ನಿಶ್ಚಯಿಸಿ ಒಳಗೆ ಹೋದೆ. ಗರಿಗರಿ ಆಗಲೇ ಅಲ್ಲಿ ಕೂತಿದ್ದ. ಸಾಹೇಬರು ತಾವೇ ಎದ್ದು ನನಗೆ ಕುರ್ಚಿ ಎಳೆದರು.

“ಸಾರ್, ನನಗೆ ಯಾವ ಕಾಯಿಲೇನೂ ಇಲ್ಲ,” ಎಂದು ಕೂರುವ ಮೊದಲೇ ಶುರುಮಾಡಿದೆ. “ನಾನು ಬಟ್ಟೆಯೆಲ್ಲ ಕೊಟ್ಟಿದ್ದು ಚೆನ್ನಾಗಿರೋ ಹೊಸ ಬಟ್ಟೆ ಹೊಲಿಸ್ಕೊಳ್ಳೋಕೆ.”

“ಹಾಗಾ? ಎಲ್ಲಿ ಆ ಹೊಸ ಬಟ್ಟೆ?”

“ಇದೇ ಸಾರ್.”

ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿದರು. ಭುಜದಿಂದ ಜಾರಿ ಮೊಣಕೈಗೆ ಬಂದಿದ್ದ ಹೊಲಿಗೆ ನೋಡಿದರು, ನೆರಿಗೆಗಟ್ಟಿದ ಸೊಂಟ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ಇದಕ್ಕೋಸ್ಕರ... ಯಾರಾದ್ರೂ... ಬೇಕೂಂತ...” ಎಂದು ಕರವಸ್ತ್ರ ಹುಡುಕಿದರು. “ಬೇಡಪ್ಪ. ಇಂಥ ಕತೆ ಕಟ್ಟಿ ನಮ್ಮನ್ನ ಸಮಾಧಾನ ಮಾಡ್ಬೇಡ. ನಾವೂ ಮನುಷ್ಯರೇ.”

ಜಗತ್ತಿನಲ್ಲಿ ಸತ್ಯ ಹೇಳಿದವರು ಎಷ್ಟೋ ಕಷ್ಟಪಟ್ಟಿದ್ದಾರೆ. ಆದರೆ ತಾನು ಹೊಲಿಸಿದ ಬಟ್ಟೆಯೇ ತನ್ನ ವಿರುದ್ಧ ಸಾಕ್ಷಿ ನುಡಿದದ್ದು ನನ್ನೊಬ್ಬನ ವಿಷಯದಲ್ಲೇ ಇರಬೇಕು. ಇನ್ನೇನು ಕುರ್ಚಿ ಕೈಬಿಟ್ಟಿತು ಎಂದು ನಾನು ತಲೆತಗ್ಗಿಸುವಷ್ಟರಲ್ಲಿ ಗರಿಗರಿ ಎದ್ದು ನಿಂತ.

“ಸಾರ್, ಆ ಜಾಗ ಇವರಿಗೇ ಕೊಡಿ,” ಎಂದ. “ಬದುಕಿಡೀ ಆಸೆಪಟ್ಟಿದ್ದಾರೆ. ಸ್ವಲ್ಪ ದಿನದ ಮಾತು ತಾನೇ. ನಾನು ಕಾಯ್ತೀನಿ.”

ಸಾಹೇಬರು ಅವನನ್ನು ಅಪ್ಪಿಕೊಂಡರು. ಜವಾನ ಬಾಗಿಲ ಸಂದಿಯಲ್ಲಿ ಅತ್ತ. ನನ್ನ ಕೈಗೆ ಆದೇಶ ಬಂತು. ‘ಮಾನವೀಯ ನೆಲೆಯಲ್ಲಿ, ತಾತ್ಕಾಲಿಕವಾಗಿ’ ಎಂದು ಅದರಲ್ಲಿತ್ತು. ನಾನು ಮತ್ತೊಮ್ಮೆ ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಮೆತ್ತೆ ಕಣ್ಣಮುಂದೆ ಬಂತು, ಫ್ಯಾನು ಕಣ್ಣಮುಂದೆ ಬಂತು. ಮನೆಯಲ್ಲಿ ಹೆಂಡತಿ ಆದೇಶವನ್ನು ಓದಿ, ಮಡಿಸಿ, ಮತ್ತೆ ಬಿಚ್ಚಿ ಓದಿ, “ನಾವಂತೂ ಸುಳ್ಳು ಹೇಳಿಲ್ಲ. ಅವರು ನಂಬ್ಲಿಲ್ಲ ಅಂದ್ರೆ ನಾವೇನ್ಮಾಡೋಕಾಗುತ್ತೆ?” ಎಂದಳು. ನನಗೂ ಅದು ನ್ಯಾಯವೆಂದೇ ತೋರಿತು.

ಹೀಗೆ ನಾನು ಹೆಡ್ ಗುಮಾಸ್ತನಾದೆ. ಮೊದಲ ತಿಂಗಳು ಎಲ್ಲರೂ ನನ್ನನ್ನು ಪಿಸುದನಿಯಲ್ಲೇ ಮಾತಾಡಿಸಿದರು. ಎರಡನೆಯ ತಿಂಗಳು, “ಹೇಗಿದೆ?” ಎನ್ನುವಾಗ ಅವರ ಸ್ವರದಲ್ಲಿ ಅಂಥ ಅವಸರವೇನೂ ಇರಲಿಲ್ಲ. ಮೂರನೆಯ ತಿಂಗಳಿಗೆ ಆ ಅವಸರವೂ ಬಂತು. ಬೆಳಿಗ್ಗೆ ನಾನು ಬಾಗಿಲಲ್ಲಿ ಕಂಡರೆ, “ಓ, ಬಂದ್ರಾ,” ಎನ್ನುವರು. ಕಾಯಿಸಿದ ನೀರು ನಿಂತಿತು. ಗರಿಗರಿ ಮಾತ್ರ ದಿನವೂ ಬಂದು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದ.

ಒಂದು ದಿನ ಹೆಂಡತಿಗೆ ಸಾಕಾಯಿತು. “ಬೂದಿ ನೋಡಿ ನೋಡಿ ನನಗೇ ಅನುಮಾನ ಬರೋ ಹಾಗಾಗಿದೆ, ನಡೀರಿ,” ಎಂದು ನನ್ನನ್ನು ಅದೇ ದರ್ಜಿಯ ಮುಂದೆ ನಿಲ್ಲಿಸಿ, “ಈವತ್ತಿನ ಗಂಡನ ಅಳತೆ ತಗೊಳ್ಳಪ್ಪ, ಮುಂದಿನ ಗಂಡನದ್ದು ಬೇಡ,” ಎಂದಳು. ಕಡುನೀಲಿಯದೊಂದು, ತಿಳಿ ಹಸಿರಿನದೊಂದು ಶರ್ಟು. ಕಂದು ಬಣ್ಣದ ಪ್ಯಾಂಟು ಒಂದು. ಖರ್ಚು ಹೆಚ್ಚಾಗಲಿಲ್ಲ. ಎಲ್ಲವೂ ಒಂದಕ್ಕೊಂದು ಒಪ್ಪಿದವು, ನನಗೂ ಒಪ್ಪಿದವು. ನೀಲಿ ಶರ್ಟು ತೊಟ್ಟು ನಿಂತಾಗ ನನಗೆ ಭುಜಗಳಿವೆ ಎಂದು ಮೊದಲ ಬಾರಿಗೆ ತಿಳಿಯಿತು. ನಿಜ ಹೇಳುತ್ತೇನೆ, ಖುಷಿಗೆ ಕಣ್ಣು ಮಂಜಾಯಿತು.

ಅದನ್ನೇ ತೊಟ್ಟು ಕಚೇರಿಗೆ ಹೋದೆ. ಟೈಪಿನ ಸದ್ದು ನಿಂತಿತು. ಜವಾನ ಕೈಯಲ್ಲಿದ್ದ ಫೈಲನ್ನು ನೆಲಕ್ಕಿಟ್ಟು ನೋಡಿದ. ಗರಿಗರಿ ನಿಧಾನವಾಗಿ ನನ್ನ ಮೇಜಿಗೆ ಬಂದ.

“ಚೇತರಿಸ್ಕೊಂಡ್ಬಿಟ್ರಾ?” ಎಂದ.

“ಹಾಗೇನಿಲ್ಲ... ಅಂದ್ರೆ, ಮೊದಲಿಂದ್ಲೂ...”

“ಮುಖದಲ್ಲಿ ಕಳೆ ಬಂದಿದೆ. ಮೈ ತುಂಬ್ಕೊಂಡಿದೆ.” ಅವನು ಮೇಜಿನ ಅಂಚು ಹಿಡಿದುಕೊಂಡ. “ಮಗಳ ಮದುವೆ ಮಾತಾಡೋಕೆ ಬಂದವರ ಹತ್ರ, ಇನ್ನೇನು ಹೆಡ್ ಗುಮಾಸ್ತ ಆಗ್ತೀನಿ ಅಂತ ನಿಮ್ಮ ನಂಬಿಕೆ ಮೇಲೆ ಹೇಳ್ಬಿಟ್ಟಿದ್ದೀನಿ. ನನ್ನ ನಿವೃತ್ತಿಗೂ ಬಹಳ ದಿನ ಇಲ್ಲ. ನೀವು ಹೀಗೆ ಮಾಡ್ತೀರಿ ಅಂತ ಅಂದ್ಕೊಂಡಿರ್ಲಿಲ್ಲ.”

ಅವನು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಷ್ಟರಲ್ಲಿ ದೊಡ್ಡ ಸಾಹೇಬರೇ ಬಂದರು. ನನ್ನನ್ನು ನೋಡಿ ನಿಂತರು. “ಗುಣ ಆಗಿದ್ದೀರಾ? ತುಂಬಾ ಸಂತೋಷ. ಹಾಗಾದ್ರೆ ಆ ತಾತ್ಕಾಲಿಕ ಆದೇಶಾನ...”

ನಾನು ಕೆಮ್ಮಿದೆ. ಕೆಮ್ಮಬೇಕೆಂದು ಕೆಮ್ಮಿದ್ದಲ್ಲ, ಅದೇ ಬಂತು. ಇನ್ನೊಮ್ಮೆ ಬಂತು. ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು ಹೊಟ್ಟೆ ಹಿಂಡಿ ಬರುವಂತೆ ಕೆಮ್ಮಿದೆ. ತಲೆಯೆತ್ತಿ ನೋಡಿದರೆ ಎಲ್ಲರ ಮುಖದಲ್ಲೂ ಮೂರು ತಿಂಗಳಿಂದ ಕಾಣದಿದ್ದ ಪ್ರೀತಿ ಉಕ್ಕುತ್ತಿತ್ತು. ಗರಿಗರಿ ಓಡಿಹೋಗಿ ನೀರು ತಂದ. “ದೀಪ ಆರೋ ಮುಂಚೆ ಜೋರಾಗಿ ಉರಿಯುತ್ತಂತೆ,” ಎಂದು ಜವಾನ ಟೈಪಿನವಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ಸಾಹೇಬರು ಮಾತನ್ನು ಅಲ್ಲಿಗೇ ಬಿಟ್ಟರು.

ಮರುದಿನದಿಂದ ಮತ್ತೆ ಬೂದಿ. ಕೂತು ಕೂತರೂ ಹೊಟ್ಟೆಯೇನೂ ಬರಲಿಲ್ಲ. ಚಿಂತೆಯಿಂದ ಇದ್ದದ್ದೂ ಕರಗಿ ಶರ್ಟು ಇನ್ನಷ್ಟು ಸಡಿಲವಾಗಿದೆ. ಸಾಯುವ ಹಾಗಿಲ್ಲ, ಚೆನ್ನಾಗಿರುವ ಹಾಗಂತೂ ಇಲ್ಲವೇ ಇಲ್ಲ.

ರಜೆಯ ದಿನ ಮಧ್ಯಾಹ್ನ ಹೆಂಡತಿ ಬಾಗಿಲಿಗೆ ಅಗುಳಿ ಹಾಕಿ, ಕಿಟಕಿಯ ಪರದೆ ಎಳೆಯುತ್ತಾಳೆ. ನಾನು ನೀಲಿ ಶರ್ಟು ತೊಟ್ಟು ಬೀರುವಿನ ಕನ್ನಡಿಯ ಮುಂದೆ ನಿಲ್ಲುತ್ತೇನೆ. ಅವಳು ಕಾಲರು ಸರಿಮಾಡಿ, ಭುಜದ ಮೇಲಿನ ಎಳೆ ತೆಗೆದು, ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾಳೆ.

“ಎಷ್ಟು ಚೆನ್ನಾಗಿ ಕಾಣಿಸ್ತೀರಿ ರೀ,” ಎನ್ನುತ್ತಾಳೆ. “ಸಾಕು, ಬಿಚ್ಚಿ. ಯಾರಾದ್ರೂ ನೋಡಿದ್ರೆ ಕಷ್ಟ.”